ನ್ಯುಮೊಕಾಕಸ್‌ನ ಔಷಧ ನಿರೋಧಕತೆ: ಚರಿತ್ರೆ ಮತ್ತು ಪ್ರಾದೇಶಿಕ ವ್ಯತ್ಯಾಸ

ನ್ಯುಮೋನಿಯಾ, ಮೆನಿಂಜೈಟಿಸ್, ಕಿವಿಸೋರಿಕೆ ತರುವ ನ್ಯುಮೊಕಾಕಸ್ (ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ) ಪ್ರತಿಜೀವಕ ಔಷಧಗಳಿಗೆ ಮಣಿಯದಿರುವ ಗುಣವೇ ಅದರ ಔಷಧ ನಿರೋಧಕತೆ. 1940ರ ದಶಕದಲ್ಲಿ ಪೆನಿಸಿಲಿನ್ ಬಳಕೆಗೆ ಬಂದ ಮೇಲೆ ಎರಡು ದಶಕ ಈ ರೋಗಾಣು ಅದಕ್ಕೆ ಸುಲಭವಾಗಿ ಬಗ್ಗುತ್ತಿತ್ತು. 1967ರಲ್ಲಿ ಆಸ್ಟ್ರೇಲಿಯಾದಿಂದ, ಬೆನ್ನಿಗೇ ಪಪುವಾ ನ್ಯೂಗಿನಿಯಿಂದ ನಿರೋಧಕ ತಳಿಗಳ ವರದಿಗಳು ಬಂದವು. 1977–78ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹಲವು ಔಷಧಗಳಿಗೂ ಬಗ್ಗದ ತಳಿ ಕಂಡಿತು. 1980ರ ದಶಕದಲ್ಲಿ ಸ್ಪೇನ್, ಹಂಗೆರಿಗಳಲ್ಲಿ ಸಮಸ್ಯೆ ಬಿಗಡಾಯಿಸಿದರೂ ನೆದರ್ಲೆಂಡ್ಸ್‌ನಲ್ಲಿ ಅಂಥ ತಳಿ ಅಪರೂಪವಾಗಿಯೇ ಉಳಿಯಿತು. ಔಷಧದ ಅತಿಬಳಕೆ ಈ ಅಂತರಕ್ಕೆ ಮುಖ್ಯ ಕಾರಣ ನಿಜ, ಆದರೆ ಅದೊಂದೇ ಕಾರಣವಲ್ಲ.

ಈ ರೋಗಾಣು ಪೆನಿಸಿಲಿನ್ನನ್ನು ಒಡೆದುಹಾಕುವುದಿಲ್ಲ. ತನ್ನ ಕೋಶಭಿತ್ತಿ ಕಟ್ಟುವ ಪ್ರೋಟೀನುಗಳ ರೂಪ ಬದಲಿಸಿಕೊಂಡು ಔಷಧಕ್ಕೆ ಹಿಡಿತ ಸಿಗದಂತೆ ಮಾಡುತ್ತದೆ. ಅದಕ್ಕೆ ಬೇಕಾದ ಜೀನ್ ತುಣುಕುಗಳನ್ನು ಗಂಟಲಲ್ಲಿರುವ ನೆರೆಯ ಸ್ಟ್ರೆಪ್ಟೊಕಾಕಸ್‌ಗಳಿಂದ ಪಡೆದು ಕೌದಿಯಂತೆ ಜೋಡಿಸಿಕೊಳ್ಳುತ್ತದೆ. ಇಂಥ ಜೋಡಣೆ ಪದೇಪದೇ ಆಗುವುದಿಲ್ಲ. ಒಮ್ಮೆ ಆದರೆ ಆ ವಂಶವೇ ದೇಶದಿಂದ ದೇಶಕ್ಕೆ ಹರಡುತ್ತದೆ. ಐಸ್‌ಲ್ಯಾಂಡ್‌ನಲ್ಲಿ 1988ರ ಕೊನೆಗೆ ಮೊದಲು ಕಂಡ ಪೆನಿಸಿಲಿನ್ ನಿರೋಧಕತೆ 1993ರ ಹೊತ್ತಿಗೆ ಸುಮಾರು 20%ಕ್ಕೆ ಏರಿತು. ಅದರಲ್ಲಿ ಬಹುಪಾಲು ಸ್ಪೇನ್ ಮೂಲದ ಒಂದೇ ವಂಶದ್ದು. ಮಕ್ಕಳಿಗೆ ಪ್ರತಿಜೀವಕ ಬರೆಯುವುದು ತಗ್ಗಿದ ಮೇಲೆ ಪ್ರಮಾಣವೂ ಇಳಿಯಿತು. ತಳಿ ಹೊರಗಿಂದ ಬಂದದ್ದಾದರೂ ಅದಕ್ಕೆ ನೆಲೆ ಒದಗಿಸಿದ್ದು ಒಳಗಿನ ಬಳಕೆ.

ಹಾಗಿದ್ದರೆ ಪ್ರತಿಜೀವಕ ಧಾರಾಳವಾಗಿ ಸಿಗುವ ಭಾರತದಲ್ಲಿ ಏನಾಯಿತು? 1993–97ರಲ್ಲಿ ಇಲ್ಲಿನ ಆರು ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನದಲ್ಲಿ ಪೆನಿಸಿಲಿನ್‌ಗೆ ಭಾಗಶಃ ನಿರೋಧಕವಾದ ತಳಿ ಕೇವಲ 1.3%; ಕೋಟ್ರೈಮಾಕ್ಸಜೋಲ್‌ಗೆ ಬಗ್ಗದವು ಅರ್ಧಕ್ಕಿಂತ ಹೆಚ್ಚು. ಮಕ್ಕಳ ನ್ಯುಮೋನಿಯಾಕ್ಕೆ ಆಗ ವ್ಯಾಪಕವಾಗಿ ಕೊಡುತ್ತಿದ್ದುದು ಇದೇ ಅಗ್ಗದ ಔಷಧ. ಎಷ್ಟು ಬಳಸಿದರು ಎಂಬುದರಷ್ಟೇ ಯಾವುದನ್ನು ಬಳಸಿದರು ಎಂಬುದೂ ಮುಖ್ಯ. ವ್ಯತ್ಯಾಸವೆಲ್ಲ ಅಳತೆಗೋಲಿನದು ಎಂಬ ಆಕ್ಷೇಪದಲ್ಲೂ ಹುರುಳಿದೆ: 2008ರಲ್ಲಿ ಅಮೆರಿಕದ ಪ್ರಯೋಗಾಲಯ ಮಾನದಂಡ ಬದಲಾದಾಗ, ಮೆನಿಂಜೈಟಿಸ್ ಬಿಟ್ಟು ಉಳಿದ ಸೋಂಕುಗಳಲ್ಲಿ ಪೆನಿಸಿಲಿನ್ ಚುಚ್ಚುಮದ್ದಿಗೆ ತಳಿ ಬಗ್ಗುತ್ತದೆ ಎನ್ನುವ ಮಿತಿ ಮಿಲಿಲೀಟರಿಗೆ 2 ಮೈಕ್ರೊಗ್ರಾಂಗೆ ಏರಿ, ‘ನಿರೋಧಕ’ ಎನಿಸಿದ್ದ ಎಷ್ಟೋ ತಳಿಗಳು ಆ ಪಟ್ಟಿಯಿಂದ ಹೊರಬಿದ್ದವು. ಆದರೆ ಪೂರ್ವ ಏಷ್ಯಾದಲ್ಲಿ ಎರಿತ್ರೊಮೈಸಿನ್ ಗುಂಪಿನ ಔಷಧಗಳಿಗೆ ಕಾಣುವ ತೀವ್ರ ನಿರೋಧಕತೆಗೆ ಈ ವಿವರಣೆ ಸಾಲದು.

ಲಸಿಕೆಯೂ ಚಿತ್ರ ಬದಲಿಸುತ್ತದೆ. ಅಮೆರಿಕದಲ್ಲಿ 2000ದಲ್ಲಿ ಬಂದ ನ್ಯುಮೊಕಾಕಸ್ ಲಸಿಕೆ ನಿರೋಧಕ ಸೋಂಕುಗಳನ್ನು ತಗ್ಗಿಸಿತು. ಆ ಲಸಿಕೆಯಲ್ಲಿಲ್ಲದ 19ಎ ಎಂಬ ನ್ಯುಮೊಕಾಕಸ್ ಬಗೆ ಆ ಜಾಗಕ್ಕೆ ಬಂತು, 2010ರ ಲಸಿಕೆ ಅದನ್ನೂ ಸೇರಿಸಿಕೊಂಡಿತು. ಭಾರತದಲ್ಲಿ 2017ರಲ್ಲಿ ಹಂತಹಂತವಾಗಿ ಆರಂಭವಾದ ಲಸಿಕೆ 2021ರಲ್ಲಿ ದೇಶವ್ಯಾಪಿಯಾಯಿತು. ಆದ್ದರಿಂದ ಒಂದು ದೇಶದ ನಿರೋಧಕತೆಯ ಶೇಕಡಾವಾರು ಅಂಕಿಯನ್ನು ಔಷಧ, ವಂಶ, ಮಾನದಂಡ, ಲಸಿಕೆಗಳ ಜೊತೆಗಿಟ್ಟು ಓದಿದರೆ ಮಾತ್ರ ಅದು ಚಿಕಿತ್ಸೆಗೆ ದಾರಿ ತೋರೀತು.