ಐದನೆಯ ವರ್ಷದ ವೆಚ್ಚ: ಅಮೆರಿಕದ ಲೆಕ್ಕಪರಿಶೋಧನಾ ವೃತ್ತಿ ಮತ್ತು ಹಿಸ್ಪಾನಿಕ್ ವಿದ್ಯಾರ್ಥಿಗಳು

ಅಮೆರಿಕದ 2020ರ ಜನಗಣತಿಯ ಪ್ರಕಾರ ಹಿಸ್ಪಾನಿಕರ, ಅಂದರೆ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರ, ಸಂಖ್ಯೆ ಸುಮಾರು 6.21 ಕೋಟಿಯಷ್ಟಿದ್ದು, ಒಟ್ಟು ಜನಸಂಖ್ಯೆಯಲ್ಲಿ ಅವರ ಪಾಲು ಶೇ. 18.7ರಷ್ಟಿತ್ತು. ಭಾರತದ ಸಿಎ ಅರ್ಹತೆಯನ್ನು ಹೋಲುವ ಸಿಪಿಎ ಪರವಾನಗಿ ಪಡೆದವರಲ್ಲಿ ಅವರ ಪಾಲು ಇದಕ್ಕಿಂತ ಬಹಳ ಕಡಿಮೆ. ಈ ಅಂತರದ ಕಾರಣವನ್ನು ವಿದ್ಯಾರ್ಥಿಗಳ ಆಸಕ್ತಿಯಲ್ಲಿ ಹುಡುಕುವುದಕ್ಕಿಂತ ವೃತ್ತಿಪ್ರವೇಶದ ನಿಯಮಗಳಲ್ಲಿ ಹುಡುಕುವುದು ಹೆಚ್ಚು ಯುಕ್ತ.

ಅಲ್ಲಿನ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್‌ಗಳು ಸಾಕು. ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರ್ ಉದ್ದಕ್ಕೂ ವಾರಕ್ಕೊಂದು ಗಂಟೆ ನಡೆಯುವ ತರಗತಿಗೆ ಸಲ್ಲುವ ಅಳತೆ. ಫ್ಲಾರಿಡಾ ರಾಜ್ಯ 1983ರಲ್ಲಿ ಸಿಪಿಎ ಪರವಾನಗಿಗೆ 150 ಕ್ರೆಡಿಟ್‌ಗಳನ್ನು ಕಡ್ಡಾಯಗೊಳಿಸಿತು. ಕ್ರಮೇಣ ಉಳಿದ ರಾಜ್ಯಗಳೂ ಇದೇ ಹಾದಿ ಹಿಡಿದವು. ಹೆಚ್ಚುವರಿ 30 ಕ್ರೆಡಿಟ್‌ಗಳೆಂದರೆ ಮತ್ತೊಂದು ವರ್ಷದ ಶುಲ್ಕ, ಜೊತೆಗೆ ಆ ವರ್ಷ ಕೈತಪ್ಪಿಹೋದ ಸಂಬಳ. ಓದುತ್ತಲೇ ದುಡಿದು ಮನೆಗೆ ಹಣ ಕೊಡಬೇಕಾದ, ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ವಿದ್ಯಾರ್ಥಿಗೆ ಇದು ದೊಡ್ಡ ಹೊರೆ. ಎಂಐಟಿಯ ಆಂಡ್ರ್ಯೂ ಸದರ್ಲ್ಯಾಂಡ್ ಮತ್ತು ಸಂಗಡಿಗರ ಅಧ್ಯಯನವೂ ಈ ನಿಯಮದಿಂದ ಅಲ್ಪಸಂಖ್ಯಾತ ಸಮುದಾಯಗಳ ಪ್ರವೇಶವೇ ಹೆಚ್ಚು ಕುಗ್ಗಿತೆಂದು ತೋರಿಸಿದೆ.

ನೆರವಿನ ಪ್ರಯತ್ನಗಳು ಹೊಸವಲ್ಲ. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹಿಸ್ಪಾನಿಕ್ ಸಿಪಿಎಗಳು ಕಟ್ಟಿಕೊಂಡ ಸಂಘವೇ ಇಂದಿನ ಆಲ್ಫಾ. ವಿದ್ಯಾರ್ಥಿಗಳನ್ನು ವೃತ್ತಿನಿರತರೊಂದಿಗೆ ಬೆಸೆಯುವುದು ಅದರ ಮುಖ್ಯ ಕೆಲಸ. ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ ಶೇ. 25ರಷ್ಟು ಹಿಸ್ಪಾನಿಕರಿರುವ ಕಾಲೇಜುಗಳನ್ನು ಒಕ್ಕೂಟ ಸರ್ಕಾರದ ಕಾನೂನು ಪ್ರತ್ಯೇಕ ವರ್ಗವಾಗಿ ಗುರುತಿಸುತ್ತದೆ. ಆದರೆ ಇಷ್ಟೆಲ್ಲ ಇದ್ದರೂ, ವಿದ್ಯಾರ್ಥಿಯ ಕೈಸೇರುವ ವಿದ್ಯಾರ್ಥಿವೇತನ ಮೊದಲ ವರ್ಷಗಳಲ್ಲೇ ಮುಗಿದುಹೋಗಿ ಐದನೆಯ ವರ್ಷಕ್ಕೆ ಏನೂ ಉಳಿಯದಿದ್ದರೆ, ಆ ನೆರವು ವಿದ್ಯಾರ್ಥಿಯನ್ನು ಹೊಳೆಯ ನಡುವೆ ಇಳಿಸಿದಂತೆಯೇ ಸರಿ.

ಇನ್ನೊಂದು ಮಾರ್ಗ ಅಷ್ಟಾಗಿ ಗಮನ ಸೆಳೆದಿಲ್ಲ. ಅಮೆರಿಕದ ತೆರಿಗೆ ಇಲಾಖೆಯ ‘ವೀಟಾ’ ಯೋಜನೆಯಡಿ ತರಬೇತಿ ಪಡೆದು ಅರ್ಹತಾ ಪರೀಕ್ಷೆ ಮುಗಿಸಿದ ವಿದ್ಯಾರ್ಥಿಗಳು ಕಡಿಮೆ ಆದಾಯದವರ ತೆರಿಗೆ ವಿವರಪಟ್ಟಿಯನ್ನು ಉಚಿತವಾಗಿ ತುಂಬಿಕೊಡುತ್ತಾರೆ. ಇಂಗ್ಲಿಷ್ ಅಷ್ಟಾಗಿ ಬಾರದ ಕಾರ್ಮಿಕ ತನ್ನ ಡಬ್ಲ್ಯು-2 ಚೀಟಿಯನ್ನು, ಅಂದರೆ ಮಾಲೀಕ ಕೊಡುವ ವಾರ್ಷಿಕ ವೇತನಪತ್ರವನ್ನು, ಮೇಜಿನ ಮೇಲಿಟ್ಟಾಗ, ಎಷ್ಟು ತೆರಿಗೆ ಮುರಿದುಕೊಂಡಿದ್ದಾರೆ, ಎಷ್ಟು ಮರಳಿ ಬರಬೇಕು ಎಂಬುದನ್ನು ಸ್ಪ್ಯಾನಿಷ್‌ನಲ್ಲಿ ಬಿಡಿಸಿ ಹೇಳುವ ವಿದ್ಯಾರ್ಥಿಯದು ಬರಿಯ ಅನುವಾದವಲ್ಲ, ಅಪ್ಪಟ ವೃತ್ತಿಕೌಶಲ. ಈ ದುಡಿಮೆಗೆ ಎಲ್ಲ ಕಾಲೇಜುಗಳೂ ಕ್ರೆಡಿಟ್ ಕೊಟ್ಟು, ಸಾಧ್ಯವಾದೆಡೆ ಭತ್ಯೆಯನ್ನೂ ಸೇರಿಸಿದರೆ ಐದನೆಯ ವರ್ಷದ ಹೊರೆ ಒಂದಿಷ್ಟಾದರೂ ಇಳಿಯುತ್ತದೆ.

150 ಕ್ರೆಡಿಟ್‌ಗಳಿಲ್ಲದಿದ್ದರೂ, ಪದವಿಯ ಜೊತೆ ಎರಡು ವರ್ಷಗಳ ಅನುಭವವಿದ್ದು ಪರೀಕ್ಷೆ ಪಾಸಾದವರಿಗೂ ಪರವಾನಗಿ ನೀಡುವ ಕಾನೂನನ್ನು ಒಹಾಯೊ ರಾಜ್ಯ 2025ರಲ್ಲಿ ಅಂಗೀಕರಿಸಿತು. ಇತರ ರಾಜ್ಯಗಳೂ ಅದನ್ನು ಅನುಸರಿಸುತ್ತಿವೆ. ಇದು ಸ್ವಾಗತಾರ್ಹವಾದರೂ ಆ ಎರಡು ವರ್ಷಗಳ ಕೆಲಸ ದೊರೆಯುವ ದಾರಿ ಬಹುಮಟ್ಟಿಗೆ ಇಂಟರ್ನ್‌ಶಿಪ್‌ಗಳ ಮೂಲಕವೇ ಸಾಗುತ್ತದೆ. ದೊಡ್ಡ ಸಂಸ್ಥೆಗಳು ಅವುಗಳ ಆಯ್ಕೆಯನ್ನು ಒಂದು ವರ್ಷಕ್ಕೂ ಮೊದಲೇ ಮುಗಿಸುವುದರಿಂದ, ಸಂಜೆ ಪಾಳಿಯಲ್ಲಿ ದುಡಿಯುವ ವಿದ್ಯಾರ್ಥಿಗೆ ಆ ವೇಳಾಪಟ್ಟಿಯನ್ನು ಮೊದಲ ವರ್ಷದಲ್ಲೇ ತಿಳಿಸುವ ಹೊಣೆ ಅಧ್ಯಾಪಕರದಾಗಬೇಕು.