ಯಾವ ಆಟ ಆಡಿದ್ರ ‘ಗೀಕ್’ ಅಂತಾರ?

ದೀಪಾವಳಿಗೆ ನಮ್ಮನ್ಯಾಗ ಎಲ್ಲಾರೂ ಕೂಡಿದ್ವಿ ಅಲ್ರೀ, ಬಂದವರಿಗೆ ನೆನಪಿರಬೇಕು. ಹಾಲ್‌ನ್ಯಾಗ ಟಿವಿಗೆ ಹಚ್ಚಿ ಹುಡುಗರು ಫುಟ್‌ಬಾಲ್ ಗೇಮ್ ಆಡ್ಲಿಕ್ಹತ್ತಿದ್ರು. ಮೈದುನ, ಕಾಕಾ, ಕಡೀಕ ನಮ್ಮ ಮಾವನವರೂ ಅಲ್ಲೇ ಕೂತು "ಹೊಡಿಯೋ, ಹೊಡಿ" ಅಂತ ಒದರಿದ್ರು. ನನ್ನ ಮಗಳು ಮಾತ್ರ ಮೂಲ್ಯಾಗ ಲ್ಯಾಪ್‌ಟಾಪ್ ಹಿಡಕೊಂಡು, ಬಾಜೂಕ ಒಂದು ನೋಟ್‌ಬುಕ್ ಇಟ್ಕೊಂಡು, ರಾಜ್ಯ ಕಟ್ಟೋ ಆಟ ಆಡ್ಕೋತ ಕೂತಿದ್ಲು. ಸಿವಿಲೈಸೇಶನ್ ಅಂತ ಅದರ ಹೆಸರು. "ಏ ಗೀಕ್" ಅಂತ ಹುಡುಗರು ಚಾಷ್ಟಿ ಮಾಡಿದ್ರು. ನಾನೂ ಸುಮ್ಮನಿರಲಿಲ್ಲ. ಉಂಡಿ ಕಟ್ಟಕೋತ, "ಅದೇನು ಹುಚ್ಚರ ಹಂಗ ಬರಕೋತ ಕೂತಿ, ಎಲ್ಲಾರ ಜೋಡಿ ಕೂಡಬಾರದಾ?" ಅಂದೆ. ಆಕಿ ಲ್ಯಾಪ್‌ಟಾಪ್ ಮುಚ್ಚಿದ್ಲು. ಹಬ್ಬ ಮುಗದು ಮೂರು ವಾರ ಆದ್ರೂ ಆ ಆಟ ತಗೀಲೇ ಇಲ್ಲ.

ಅದು ನನ್ನ ಮನಸ್ಸಿಗೆ ಹತ್ತಿತು. ಅವರೂ ಬಟನ್ ಒತ್ತಿದ್ರು, ಇಕಿನೂ ಬಟನ್ ಒತ್ತಿದ್ಲು. ಅವರಿಗೆ ಶಿಳ್ಳಿ, ಇಕಿಗೆ ಚಾಷ್ಟಿ, ಯಾಕ? ಮಧ್ಯಾಹ್ನದ ನಿದ್ದಿ ಬಿಟ್ಟು ಒಂದಿಷ್ಟು ಓದಿದೆ.

ಮೊದಲು ಆ ಶಬ್ದದ ಕತಿ ಕೇಳ್ರಿ. ಅಮೇರಿಕಾದ ಹಳೇ ಕಾಲದ ಜಾತ್ರ್ಯಾಗ ಜೀವಂತ ಕೋಳಿ ತಲಿ ಹಲ್ಲಿನಿಂದ ಕಚ್ಚಿ ತಗದು ತೋರಸೋ ಮನಷ್ಯಾಗ ಗೀಕ್ ಅಂತಿದ್ರಂತ. (ಊಟ ಮಾಡ್ಕೋತ ಓದೋರು ಕ್ಷಮಿಸ್ರಿ.) ಅಂಥಾ ಶಬ್ದ ಮುಂದ ಕಂಪ್ಯೂಟರ್ ಮುಂದ ಕೂಡೋರಿಗೆ ಅಂಟಿಕೊಂಡ್ತು.

ಹಂಗ ನೋಡಿದ್ರ ಮೊದಲಿಗೆ ಎಲ್ಲಾ ವಿಡಿಯೋ ಗೇಮೂ ಇಂಥಾವರದೇ. 1962ರಾಗ ಎಂಐಟಿಯೊಳಗ ಸ್ಟೀವ್ ರಸೆಲ್ ಮತ್ತ ಅವನ ಗೆಳ್ಯಾರು ‘ಸ್ಪೇಸ್‌ವಾರ್’ ಅನ್ನೋ ಆಟ ಮಾಡಿದ್ರು. ಅದು ನಡೀತಿದ್ದ ಪಿಡಿಪಿ-1 ಮಶೀನಿಗೆ ಸುಮಾರು 1,20,000 ಡಾಲರ್. ಯಾರ ಮನ್ಯಾಗ ಇರಬೇಕು ಅದು? ಹತ್ತು ವರ್ಷದ ಮ್ಯಾಲೆ, 1972ರಾಗ, ಅಟಾರಿ ಕಂಪನಿಯವರು ‘ಪಾಂಗ್’ ಮಾಡಿ ಕ್ಯಾಲಿಫೋರ್ನಿಯಾದ ಸನಿವೇಲ್ ಊರಿನ ಒಂದು ಬಾರ್‌ನ್ಯಾಗ ಇಟ್ರು. ಸ್ವಲ್ಪ ದಿನಕ್ಕ ಮಶೀನ್ ಕೆಟ್ಟದ ಅಂತ ಬುಲಾವು ಬಂತು. ಅದನ್ನ ಮಾಡಿದ ಆಲ್ಕಾರ್ನ್ ಹೋಗಿ ತಗದು ನೋಡಿದ್ರ, ನಾಣ್ಯ ತುಂಬಿ ತುಳುಕಿ ನಿಂತದ, ಬ್ಯಾರೇನೂ ಆಗಿಲ್ಲ! ಚೆಂಡು ಬಂದಾಗ ತಪ್ಪಿಸಬ್ಯಾಡ್ರಿ, ಆಟ ಅಂದ್ರ ಅಷ್ಟೇ. ಒಂದು ಕೈಯಾಗ ಗ್ಲಾಸ್ ಹಿಡಕೊಂಡೂ ಆಡಬಹುದಿತ್ತು, ಹಿಂದ ನಿಂತವರಿಗೂ ಯಾರು ಗೆದ್ರು ತಿಳೀತಿತ್ತು. ನನಗನಸೋದು, ಗುಟ್ಟು ಇಲ್ಲೇ ಅದ. ಹಿಂದ ನಿಂತವರಿಗೆ ತಿಳಿಯೋ ಆಟಕ್ಕ ಯಾರೂ ಗೀಕ್ ಅನ್ನಂಗಿಲ್ಲ.

ಇನ್ನೊಂದು ದಾರಿ ಬಾರ್‌ಗೆ ಹೋಗಲೇ ಇಲ್ಲ. 1974ರಾಗ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಂತ ಪುಸ್ತಕ ಓದಿ, ದಾಳ ಹಾಕಿ, ಮನಸ್ಸಿನಾಗ ಕಲ್ಪಿಸಿಕೊಂಡು ಆಡೋ ಆಟ ಬಂತು. ವಿಲ್ ಕ್ರೌಥರ್ ಅಂತ ಒಬ್ಬ ಪ್ರೋಗ್ರಾಮರ್ ಅದನ್ನ ಆಡ್ತಿದ್ದ. ಅವನಿಗೆ ಗವಿ ಹೊಕ್ಕು ನಕಾಶಿ ತಗಿಯೋ ಹುಚ್ಚು. ಅವನ ಹೆಂಡತಿ ಪೆಟ್ರೀಶಿಯಾ ಏನು ಕಡಿಮಿ ಇರಲಿಲ್ಲ. 1972ರಾಗ ಕೆಂಟಕಿಯ ಮ್ಯಾಮತ್ ಗವಿಗೂ ಫ್ಲಿಂಟ್ ರಿಜ್ ಗವಿಗೂ ಒಳಗಿಂದೊಳಗ ದಾರಿ ಅದ ಅಂತ ಹುಡುಕಿದ ತಂಡದಾಗ ಆಕಿ ಇದ್ಲು. ಮುಂದ ಇಬ್ಬರದೂ ಸೋಡಚೀಟಿ ಆತು. ಮಕ್ಕಳು ದೂರಾದ್ರು ಅಂತ ಸಂಕಟ ಪಟ್ಟು, ಆ ಗವಿಯನ್ನೇ ಕಂಪ್ಯೂಟರ್‌ನ್ಯಾಗ ಅಕ್ಷರದಾಗ ಕಟ್ಟಿದ, 1975-76ರ ಸುಮಾರಿಗೆ. ಎರಡು ಶಬ್ದ ಟೈಪ್ ಮಾಡಿದ್ರ ಮುಂದ ಹೋಗಬೇಕು. ಮುಂದ ಡಾನ್ ವುಡ್ಸ್ ಅನ್ನಾವ ಅದನ್ನ ಬೆಳಿಸಿದ, ‘ಅಡ್ವೆಂಚರ್’ ಅಂತ ಪ್ರಸಿದ್ಧ ಆತು. ಅಗದಿ ಗೀಕ್ ಅನಿಸಿಕೊಂಡ ಆಟದ ಜಾತಿ ಹುಟ್ಟಿದ್ದು ಒಬ್ಬ ಅಪ್ಪ ತನ್ನ ಎರಡು ಹೆಣ್ಣುಮಕ್ಕಳ ಸಲುವಾಗಿ ಮಾಡಿದ್ದರಿಂದ, ನೋಡ್ರಿ.

ಅದನ್ನ ಆಡಿ ಹುಚ್ಚು ಹಿಡಿಸಿಕೊಂಡವರೊಳಗ ರಾಬರ್ಟಾ ವಿಲಿಯಮ್ಸ್ ಒಬ್ಬಾಕಿ. ಎರಡು ಸಣ್ಣ ಮಕ್ಕಳ ತಾಯಿ. ಅಡಗಿಮನಿ ಟೇಬಲ್ ಮ್ಯಾಲೆ ಕಾಗದದಾಗ ನಕಾಶಿ ಬರದು ಆಟ ಹೆಣದ್ಲು, ಗಂಡ ಕೆನ್ ಪ್ರೋಗ್ರಾಮ್ ಮಾಡಿದ. 1980ರಾಗ ‘ಮಿಸ್ಟರಿ ಹೌಸ್’, ಚಿತ್ರ ಇರೋ ಮೊದಲನೇ ಅಂಥಾ ಆಟ. ಪ್ಲಾಸ್ಟಿಕ್ ಜಿಪ್ ಚೀಲದಾಗ ಹಾಕಿ ಮಾರಿದ್ರು. ನಾವು ಸಂಡಿಗಿ ಹಾಕಿ ಕೊಡತೀವಲ್ಲ, ಹಂಗ!

ಮುಂದಿನ ವರ್ಷ ‘ವಿಜರ್ಡ್ರಿ’, ‘ಅಲ್ಟಿಮಾ’ ಬಂದ್ವು. ‘ವಿಜರ್ಡ್ರಿ’ ಆಡೋರು ಬಾಜೂಕ ಗ್ರಾಫ್ ಕಾಗದ ಇಟ್ಕೊಂಡು ಒಂದೊಂದು ಹೆಜ್ಜಿಗೂ ನಕಾಶಿ ಬರಕೋಬೇಕಿತ್ತು. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಹಂಗೇ ಕೂತೆ. ನನ್ನ ಮಗಳ ನೋಟ್‌ಬುಕ್ ನೆನಪಾತು. ಆಕಿ ಆಡೋ ಸಿವಿಲೈಸೇಶನ್ನೂ ಇದೇ ಕಂಪ್ಯೂಟರಿನ ಮನಿಂದು, 1991ರಾಗ ಸಿಡ್ ಮೈಯರ್ ಮಾಡಿದ್ದು. ದುಬಾರಿ ಕಂಪ್ಯೂಟರ್, ದಪ್ಪ ಪುಸ್ತಕ, ತಾಸುಗಟ್ಟಲೆ ಒಬ್ಬರೇ ಕೂಡೋದು. ಹೊರಗಿಂದ ನೋಡೋರಿಗೆ ಏನೂ ಕಾಣಂಗಿಲ್ಲ.

ಆದ್ರ ಲೆಕ್ಕ ಇಡೋದೇ ಗೀಕ್‌ತನ ಅಂದ್ರ ನಾನು ಒಪ್ಪಂಗಿಲ್ಲ. ನಮ್ಮ ಮೈದುನಗ 1983ರ ವರ್ಲ್ಡ್ ಕಪ್ಪಿನಾಗ ಝಿಂಬಾಬ್ವೆ ವಿರುದ್ಧ 17 ರನ್ನಿಗೆ 5 ವಿಕೆಟ್ ಹೋಗಿದ್ದು, ಕಪಿಲ್ ದೇವ್ 175 ಹೊಡದದ್ದು, ಯಾರು ಎಷ್ಟು ಓವರ್ ಹಾಕಿದ್ರು, ಎಲ್ಲಾ ಬಾಯಿಪಾಠ. ಅವಗ ಒಬ್ಬರಾದ್ರೂ ಗೀಕ್ ಅಂದಾರ? "ಏನ್ ನೆನಪಿನ ಶಕ್ತಿರೀ" ಅಂತಾರ.

ಇನ್ನ ನಮ್ಮ ಪಾಳಿ. ‘ಪ್ಯಾಕ್‌ಮ್ಯಾನ್’ ಮಾಡಿದ ಜಪಾನಿನ ತೋರು ಇವಾತಾನಿ, ಆಟದ ಅಂಗಡಿಗೆ ಹೆಣ್ಣುಮಕ್ಕಳೂ ಬರ್ಲಿ ಅಂತ, 1980ರಾಗ ತಿನ್ನೋ ಆಟ ಮಾಡಿದ. (ನಮಗ ತಿನ್ನೋದು ಬಿಟ್ಟು ಬ್ಯಾರೆ ಗೊತ್ತಿಲ್ಲ ಅಂತ ತಿಳಕೊಂಡ್ನೋ ಏನೋ.) 1990ರಾಗ ವಿಂಡೋಸ್ ಜೋಡಿ ಸಾಲಿಟೇರ್ ಬಂತು, ಆಫೀಸಿನಾಗ ಆಡದವರೇ ಇಲ್ಲ. ಆಮ್ಯಾಲೆ 2012ರಾಗ ಕ್ಯಾಂಡಿ ಕ್ರಶ್. ನಾನು ಎಷ್ಟು ಲೆವೆಲ್ ದಾಟೀನಿ ಅಂತ ನಿಮಗೆಲ್ಲಾ ಗೊತ್ತೇ ಅದ. ಅದನ್ನ ಹೇಳಿದ್ರ ಅದೇ ಹುಡುಗರು, "ಕಾಕು, ಅದು ಗೇಮೇ ಅಲ್ಲ" ಅಂತಾರ. ಮಗಳು ಆಡಿದ್ದು ಅತೀ ಆತು, ಅವ್ವ ಆಡಿದ್ದು ಲೆಕ್ಕಕ್ಕಿಲ್ಲ. ನಟ್ಟನಡುವ ಅವರ ಫುಟ್‌ಬಾಲ್!

ಮೊನ್ನೆ ಐತವಾರ ಮಗಳ ಕ್ವಾಣಿಗೆ ಹೋಗಿ, "ಆ ನೋಟ್‌ಬುಕ್ ತೋರಸು" ಅಂದೆ. ಮೊದಲು ಬೈತೀನಿ ಅಂತ ತಿಳಕೊಂಡ್ಲು. "ಅವತ್ತ ಎಲ್ಲಾರ ಮುಂದ ಹಂಗ ಅನಬಾರದಿತ್ತು" ಅಂದೆ. ಸುಮ್ಮನ ಲ್ಯಾಪ್‌ಟಾಪ್ ತಗದ್ಲು. ಯಾವ ಊರಾಗ ಎಷ್ಟು ಕಾಳು, ಯಾವ ರಾಜ್ಯದ ಜೋಡಿ ಏನು ಒಪ್ಪಂದ, ಎಲ್ಲಾ ಬರದಿಟ್ಟಾಳ, ನನ್ನ ಹಾಲಿನ ಲೆಕ್ಕಕ್ಕಿಂತ ಚೊಕ್ಕ.

"ಊರು ಹೊಳಿ ದಂಡಿಗೆ ಕಟ್ಟಬೇಕು ಅಮ್ಮಾ, ಇಲ್ಲಾಂದ್ರ ಬೆಳಿಯಂಗಿಲ್ಲ" ಅಂದ್ಲು.

"ಹಂಗಾರ ಧಾರವಾಡ ಕಟ್ಟಿದವರು ನಿನ್ನ ಆಟ ಆಡಿಲ್ಲ ಬಿಡು, ಇಲ್ಲೆಲ್ಲದ ಹೊಳಿ? ಮಲಪ್ರಭಾ ನೀರು ಸವದತ್ತಿಂದ ಪೈಪಿನಾಗ ಬರಬೇಕು" ಅಂದೆ.

ಮೂರು ವಾರಕ್ಕ ಮೊದಲನೇ ಸರ್ತಿ ಜೋರಾಗಿ ನಕ್ಕಳು. ಅಷ್ಟರಾಗ ಒಳಗ ಕುಕ್ಕರ್ ನಾಕನೇ ಸೀಟಿ ಹೊಡೀತು, ಓಡಿದೆ.