ಬೇಡ ಎನ್ನಲು ಒಂದು ನೆಪ

ಕುಡಿಯುವವನನ್ನು ಕರೆಯಲು ಕನ್ನಡದಲ್ಲಿ ಹೆಸರುಗಳಿಗೆ ಬರವಿಲ್ಲ. ಕುಡುಕ, ಹೆಂಡಗುಡುಕ, ಪಾನಮತ್ತ, ಇತ್ತೀಚೆಗೆ ‘ಎಣ್ಣೆ ಪಾರ್ಟಿ’. ಕುಡಿಯದವನಿಗೆ ಆಡುಮಾತಿನಲ್ಲಿ ಒಂದು ಹೆಸರೂ ಇಲ್ಲ. ‘ಪಾನವಿರೋಧಿ’, ‘ಮದ್ಯವರ್ಜನ’ ಇವೆಲ್ಲ ಸಮ್ಮೇಳನದ ಬ್ಯಾನರಿಗೆ ಸರಿ, ಜಗಲಿಯ ಮಾತಿಗೆ ಬಾರವು. ಮದುವೆ ಮಾತುಕತೆಯಲ್ಲಿ ‘ಹುಡುಗನಿಗೆ ಯಾವ ಚಟವೂ ಇಲ್ಲ’ ಎನ್ನುತ್ತಾರೆ, ಅಂದರೆ ಇಲ್ಲದ್ದನ್ನು ಹೇಳಿ ಮುಗಿಸುತ್ತಾರೆ. ಬಿಟ್ಟವನ ವಿಷಯ ಬಂದರೆ ‘ಈಗ ಬಿಟ್ಟಿದ್ದಾನಂತೆ’ ಎಂಬ ಮಾತು. ಆ ‘ಅಂತೆ’ಯಲ್ಲಿ ಮೆಚ್ಚುಗೆಗಿಂತ ಅನುಮಾನವೇ ಜಾಸ್ತಿ. ಲೆಕ್ಕ ನೋಡಿದರೆ ಕುಡಿಯದವರೇ ಬಹುಸಂಖ್ಯಾತರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರ ಪೈಕಿ ಕುಡಿಯುವವರು ಶೇ. 19ರ ಆಸುಪಾಸು, ಹೆಂಗಸರಲ್ಲಿ ಶೇ. 1ರ ಆಸುಪಾಸು. ಐವರಲ್ಲಿ ನಾಲ್ವರು ಗಂಡಸರು ಮುಟ್ಟದ ವಸ್ತುವನ್ನು ಬೇಡವೆನ್ನುವುದಕ್ಕೆ ಗಂಡಸೊಬ್ಬ ಕಾರಣ ಕೊಡಬೇಕಾಗಿ ಬರುವುದು ಏಕೆ? ನಮ್ಮಲ್ಲಿ ಕುಡಿಯದಿರುವುದು ಬಹುಕಾಲ ಒಬ್ಬೊಬ್ಬರ ತೀರ್ಮಾನವಾಗಿರಲೇ ಇಲ್ಲ, ಅದು ಕುಲದ ಗುರುತಾಗಿತ್ತು ಎಂಬುದೇ ಇದಕ್ಕೆ ಉತ್ತರವೆಂದು ನನಗೆ ತೋರುತ್ತದೆ. ಹುಟ್ಟು, ಗುರು, ಹರಕೆ, ಮಾಲೆ, ಡಾಕ್ಟರು, ಹೀಗೆ ಹೊರಗಿನ ಯಾವುದೋ ಒಂದು ಆಸರೆ ಇದ್ದರೆ ಮಾತ್ರ ಸಮಾಜ ‘ಬೇಡ’ ಎಂಬುದನ್ನು ಒಪ್ಪಿಕೊಂಡಿತು. ಬರಿಗೈಯಲ್ಲಿ ಬೇಡವೆಂದವನನ್ನು ಎಲ್ಲಿ ಕೂರಿಸಬೇಕೆಂದು ಅದಕ್ಕೆ ಇವತ್ತಿಗೂ ಗೊತ್ತಾಗಿಲ್ಲ.

ಈ ಆಸರೆಗಳಲ್ಲಿ ಹಳೆಯದು ಹುಟ್ಟು. ಧರ್ಮಶಾಸ್ತ್ರಗಳು ಸುರಾಪಾನವನ್ನು ಐದು ಮಹಾಪಾತಕಗಳ ಸಾಲಿಗೆ ಸೇರಿಸಿದವು. ಮಹಾಭಾರತದ ಕಚನ ಕಥೆ ಇದಕ್ಕೊಂದು ಮೂಲವನ್ನೇ ಕಟ್ಟಿಕೊಟ್ಟಿತು. ಅಸುರರು ಕಚನನ್ನು ಕೊಂದು ಸುಟ್ಟು, ಬೂದಿಯನ್ನು ಸುರೆಯಲ್ಲಿ ಕದಡಿ ಗುರು ಶುಕ್ರಾಚಾರ್ಯನಿಗೇ ಕುಡಿಸುತ್ತಾರೆ. ಆದದ್ದು ತಿಳಿದ ಶುಕ್ರ ಶಾಪ ಕೊಡುತ್ತಾನೆ. ಮೋಸ ಮಾಡಿದವರು ಅಸುರರು, ಶಾಪ ತಗುಲಿದ್ದು ಮಾತ್ರ ಇನ್ನು ಮುಂದೆ ಕುಡಿಯುವ ಬ್ರಾಹ್ಮಣನಿಗೆ! ಕುಡಿತ ಎಲ್ಲರಿಗೂ ಕೆಟ್ಟದ್ದೆಂದು ಆ ಕಥೆ ಹೇಳಲಿಲ್ಲ, ಇಂಥವರಿಗೆ ಸಲ್ಲದು ಎಂದಿತು. ಉಳಿದವರು ಕುಡಿಯುವುದು ಅವರ ಹುಟ್ಟಿಗೆ ತಕ್ಕುದೆಂಬ ಭಾವ ಅದರ ಬೆನ್ನಿಗೇ ಬಂತು. ಜೈನರ ದಾರಿ ಬೇರೆ. ಅಲ್ಲಿ ಮದ್ಯ, ಮಾಂಸ, ಮಧು ಮೂರನ್ನೂ ಬಿಡುವುದು ಶ್ರಾವಕನ ಮೂಲಗುಣಗಳಲ್ಲಿ ಸೇರಿತು. ಹುಟ್ಟಿನಿಂದ ಬರುವುದಕ್ಕಿಂತ ವ್ರತವಾಗಿ ಹಿಡಿಯುವುದು ಅಲ್ಲಿ ಮುಖ್ಯ. ‘ನಾನು ಬಿಟ್ಟೆ’ ಎಂಬ ಮಾತಿಗೆ ಕನ್ನಡ ನಾಡಿನಲ್ಲಿ ಮೊದಲು ಜಾಗ ಸಿಕ್ಕಿದ್ದು ಬಹುಶಃ ಇಲ್ಲಿಯೇ. ಹಾಗೆಂದು ಅದರಿಂದ ಕುಡಿಯುವವರ ಬಗ್ಗೆ ಸಿಡುಕು ಹುಟ್ಟಲಿಲ್ಲ. ಪಂಪ ಜೈನ. ಅವನು 941ರಲ್ಲಿ ಬರೆದ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೆಯ ಆಶ್ವಾಸದಲ್ಲಿ ಸೂಳೆಗೇರಿಯ ನಡುವೆ ಕುಡಿತದ ಗೋಷ್ಠಿಯೊಂದು ಬರುತ್ತದೆ. ಮಹಾಕಾವ್ಯವೆಂದರೆ ಅಷ್ಟಾದಶ ವರ್ಣನೆ ಬೇಕು, ಅವುಗಳಲ್ಲಿ ಮಧುಪಾನವೂ ಒಂದು. ಹಾಗಾಗಿ ಪಂಪನದು ಕವಿಸಮಯದ ಪಾಲನೆ ಎಂದು ತಳ್ಳಿಹಾಕಬಹುದು. ಆದರೆ ಅಮಲೇರಿದವರ ತೊದಲನ್ನೂ ತೂರಾಟವನ್ನೂ ಅವನು ಚಿತ್ರಿಸಿದ ಲವಲವಿಕೆ ಬರೀ ಲೆಕ್ಕ ತುಂಬಿಸಿದವನದಲ್ಲ.

ಇನ್ನೂರು ವರ್ಷದ ಮೇಲೆ ಕಲ್ಯಾಣದಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಶರಣರ ಪಂಕ್ತಿಯಲ್ಲಿ ಹೆಂಡದ ಮಾರಯ್ಯನಿದ್ದಾನೆ. ಧರ್ಮೇಶ್ವರಲಿಂಗ ಎಂಬ ಅಂಕಿತದ ಅವನ ಕೆಲವೇ ವಚನಗಳು ಉಳಿದಿವೆ. ಹೆಂಡ, ಮಡಕೆ, ಅಮಲು, ಇವೇ ಅವನ ಕೈಯಲ್ಲಿ ಅರಿವಿನ ಮಾತುಗಳಾಗುತ್ತವೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯರ ಹಾಗೆಯೇ ಇವನ ಕಸುಬೂ ಹೆಸರಿನ ಮುಂದೆ ಅಂಟಿ ಉಳಿಯಿತು. ಮದ್ಯಮಾಂಸ ಬಿಡುವುದೇ ಲಿಂಗಧಾರಣೆಯ ಗುರುತೆಂದು ಮುಂದಿನ ಶತಮಾನಗಳಲ್ಲಿ ಗಟ್ಟಿಯಾದ ಪಂಥವೊಂದು ತನ್ನ ನೆನಪಿನಲ್ಲಿ ಹೆಂಡ ಮಾರುವವನನ್ನು ಕಾಯಕಜೀವಿಯಾಗಿ ಉಳಿಸಿಕೊಂಡಿದೆ. ಬಿಟ್ಟವರು ಮೇಲೆ, ಬಿಡದವರು ಕೆಳಗೆ ಎಂಬ ಏಣಿ ಆಗಿನ್ನೂ ಅಷ್ಟು ನೆಟ್ಟಗೆ ನಿಂತಿರಲಿಲ್ಲ ಎನ್ನಲು ನನಗೆ ಇಷ್ಟು ಸಾಕು.

ಆ ಏಣಿಗೆ ಶಾಸ್ತ್ರೀಯವಾದ ಹೆಸರು ಕೊಟ್ಟವರು ಮೈಸೂರಿನ ಎಂ. ಎನ್. ಶ್ರೀನಿವಾಸ್. 1952ರಲ್ಲಿ ಪ್ರಕಟವಾದ ಕೊಡಗಿನ ಕುರಿತ ಗ್ರಂಥದಲ್ಲಿ ಅವರು ಮಂಡಿಸಿದ ‘ಸಂಸ್ಕೃತೀಕರಣ’ದ ತಿರುಳು ಇದು: ಕೆಳಗಿನ ಜಾತಿಯೊಂದು ಮಾಂಸ ಬಿಟ್ಟು, ಹೆಂಡ ಬಿಟ್ಟು, ಆಚಾರವನ್ನೂ ದೇವತೆಗಳನ್ನೂ ಬದಲಿಸಿಕೊಂಡರೆ ಒಂದೆರಡು ತಲೆಮಾರಿನಲ್ಲಿ ಮೇಲಿನ ಮೆಟ್ಟಿಲು ಹತ್ತಬಹುದು. ಭಾರತದ ಸಮಾಜಶಾಸ್ತ್ರ ಅತಿ ಹೆಚ್ಚು ಬಳಸಿದ ಪರಿಕಲ್ಪನೆಯ ನಟ್ಟನಡುವೆ ಕುಡಿತ ಬಿಡುವ ಸಂಗತಿ ಕೂತಿರುವುದನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಅವರು ಅಧ್ಯಯನ ಮಾಡಿದ ಕೊಡವರೇ ಕುಡಿಯುತ್ತಾರಲ್ಲ, ಹಿರಿಯರಿಗೆ ಎಡೆ ಇಡುವಾಗಲೂ ಮದ್ಯ ಬೇಕಲ್ಲ, ಆದರೂ ಅವರ ಸ್ಥಾನಕ್ಕೇನೂ ಕುಂದಾಗಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದದ್ದೇ. ಭೂಮಿ ಮತ್ತು ಕೋವಿ ಕೈಯಲ್ಲಿದ್ದವರಿಗೆ ಏಣಿಯ ಅಗತ್ಯವಿರಲಿಲ್ಲ ಎಂಬುದು ಅದಕ್ಕೆ ಉತ್ತರ. ಬಿಡುವುದು ಯಾರಿಗೆ ಬೇಕಿತ್ತು ಎಂದರೆ ಬಿಡದಿದ್ದರೆ ಬಾಗಿಲ ಹೊರಗೇ ನಿಲ್ಲಬೇಕಾದವರಿಗೆ.

ಅಂಥವರ ಕಥೆ ತುಳುನಾಡಿನ ಬಿಲ್ಲವರದು. ಅವರ ಕಸುಬು ಮೂರ್ತೆದಾರಿಕೆ, ಎಂದರೆ ಕಳ್ಳಿಳಿಸಲು ದಿನಕ್ಕೆರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಅದೇ ಮರಗಳನ್ನು ಹತ್ತಿ ಇಳಿಯುವ ಕೆಲಸ. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು ಹದ ಮಾಡಿ, ತುದಿಯನ್ನು ತೆಳ್ಳಗೆ ಕೆತ್ತಿ ಮಡಕೆ ತೂಗಬೇಕು. ಕೆತ್ತುವ ಕೈ ಒಂದು ದಿನ ತಪ್ಪಿದರೆ ಗಾಯ ಒಣಗಿ ರಸ ನಿಲ್ಲುತ್ತದೆ. ಮಡಕೆಯ ಒಳಗೆ ಸುಣ್ಣ ಬಳಿದರೆ ಸಿಗುವುದು ಸಿಹಿ, ಅದನ್ನು ಕಾಯಿಸಿದರೆ ಬೆಲ್ಲ. ಸುಣ್ಣವಿಲ್ಲದಿದ್ದರೆ ಮರದ ಮೇಲೇ ಹುಳಿಯೇಳಲು ಶುರುವಾಗಿ, ಇಳಿಸುವ ಹೊತ್ತಿಗೆ ಅದು ಕಳ್ಳು. ಒಂದು ಬೆರಳು ಸುಣ್ಣದಲ್ಲಿ ಇಷ್ಟು ವ್ಯತ್ಯಾಸ. ಈ ಕಳ್ಳು ದೈವಗಳಿಗೂ ಸಲ್ಲುತ್ತಿತ್ತು, ಊರಿನ ಎಲ್ಲ ಜಾತಿಯ ಗಂಟಲಿಗೂ ಇಳಿಯುತ್ತಿತ್ತು. ಇಳಿಸಿಕೊಟ್ಟವನು ಮಾತ್ರ ದೇವಸ್ಥಾನದ ಹೊರಗಿದ್ದ. ಹತ್ತೊಂಬತ್ತನೆಯ ಶತಮಾನದಲ್ಲಿ ಬಾಸೆಲ್ ಮಿಷನ್ನಿಗೆ ಸೇರಿದವರಲ್ಲಿ ಬಿಲ್ಲವರು ಬಹಳ ಮಂದಿ. ಮಿಷನ್ನಿನ ಹಂಚಿನ ಕಾರ್ಖಾನೆ, ನೇಯ್ಗೆಯ ಮಗ್ಗಗಳು ಅವರಿಗೆ ಮರ ಹತ್ತದೆ ಬದುಕುವ ದಾರಿ ತೋರಿದವು.

ಮತ ಬಿಡದೆ ಅದೇ ಬಾಗಿಲು ತೆರೆದುಕೊಳ್ಳಲು ಹೊರಟವರು ಕೇರಳದಿಂದ ನಾರಾಯಣ ಗುರುಗಳನ್ನು ಕರೆತಂದರು. ಸಾಹುಕಾರ್ ಕೊರಗಪ್ಪನವರ ಮುಂದಾಳುತನದಲ್ಲಿ ಕುದ್ರೋಳಿಯ ಗೋಕರ್ಣನಾಥೇಶ್ವರ 1912ರಲ್ಲಿ ಪ್ರತಿಷ್ಠೆಯಾಯಿತು. ಗುರುಗಳದೂ ಕಳ್ಳಿನ ಕಸುಬಿಗೆ ಹೆಸರಾದ ಈಳವ ಸಮುದಾಯವೇ. ಮದ್ಯ ವಿಷ, ಅದನ್ನು ತಯಾರಿಸಕೂಡದು, ಕೊಡಕೂಡದು, ಕುಡಿಯಕೂಡದು ಎಂಬುದು ಅವರು ಕೊಟ್ಟ ಸಂದೇಶದ ಸಾರ. ಇಲ್ಲಿ ಕುಡಿಯುವುದು ಮೂರನೆಯದು, ತಯಾರಿಸುವುದು ಮೊದಲನೆಯದು. ಬೇರೆಯವರಿಗೆ ಬಿಡುವುದೆಂದರೆ ಸಂಜೆಯ ಒಂದು ಗಳಿಗೆಯನ್ನು ಬಿಡುವುದು. ಬಿಲ್ಲವನಿಗೆ ಅದು ಅನ್ನವನ್ನು ಬಿಡುವುದು. ಇದು ಮೇಲ್ಜಾತಿಯ ಅನುಕರಣೆ ಅಷ್ಟೇ, ಬ್ರಾಹ್ಮಣರ ಮಡಿಯನ್ನು ಎರವಲು ತಂದದ್ದು ಎಂದು ಟೀಕಿಸುವವರಿದ್ದಾರೆ. ಹೊರಗಿನ ಆಕಾರ ನೋಡಿದರೆ ಹಾಗೆ ಕಾಣುವುದು ಸಹಜ. ಆದರೆ ಅನುಕರಿಸುವವನು ಬೇರೆಯವರ ಗುಡಿಯ ಮೆಟ್ಟಿಲಲ್ಲಿ ಕಾಯುತ್ತಾನೆ, ಇವರು ತಮ್ಮದೇ ಗುಡಿ ಕಟ್ಟಿದರು. ಶಾಲೆ, ಸಂಘಗಳ ಮಾತು ಅದರ ಜೊತೆಗೇ ಬಂತು. ಬಿಡುವುದಕ್ಕೆ ಇಡೀ ಸಮುದಾಯದ ನೆಪವೊಂದು ಸಿಕ್ಕಿತು. ಎಲ್ಲರೂ ಬಿಟ್ಟರೇ ಎಂದರೆ ಇಲ್ಲ. ಮೂರ್ತೆದಾರರ ಸಹಕಾರ ಸಂಘಗಳು ಕರಾವಳಿಯಲ್ಲಿ ಇವತ್ತಿಗೂ ಇವೆ, ದೈವಕ್ಕೆ ಕಳ್ಳು ಸಲ್ಲುವುದೂ ನಿಂತಿಲ್ಲ. ಗುರುವಿನ ಭಾವಚಿತ್ರಕ್ಕೆ ಹೂವೇರಿಸಿ ಮರಕ್ಕೆ ಏಣಿಯಿಡುವವನನ್ನು ಆಷಾಢಭೂತಿ ಎನ್ನಲು ನನಗೆ ಮನಸ್ಸಿಲ್ಲ.

ಸರ್ಕಾರಗಳ ಕಥೆ ಇದಕ್ಕಿಂತ ಚಿಕ್ಕದು, ಹೆಚ್ಚು ನಗು ತರಿಸುವಂಥದ್ದು. ಬ್ರಿಟಿಷರ ಕಾಲದಲ್ಲಿ ಅಬಕಾರಿ ಹರಾಜು ಖಜಾನೆಯ ದೊಡ್ಡ ಆಧಾರವಾದ್ದರಿಂದ, ಹೆಂಡದಂಗಡಿಯ ಮುಂದೆ ಪಿಕೆಟಿಂಗ್ ಮಾಡುವುದು ಸ್ವರಾಜ್ಯದ ಕೆಲಸವಾಯಿತು. 1939ರಲ್ಲಿ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳಿಗೆ ಕೊಡಲಿ ಹಾಕಿದರು. ಅದರಲ್ಲಿ ಪಾಲ್ಗೊಂಡು ಜೈಲು ಕಂಡವರಲ್ಲಿ ವಕೀಲ ಎಸ್. ನಿಜಲಿಂಗಪ್ಪ ಒಬ್ಬರು. ಅತ್ತ ಮದ್ರಾಸಿನಲ್ಲಿ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರುಮಾಡಿ, ಹೋದ ವರಮಾನಕ್ಕೆ ಬದಲಾಗಿ 1939ರಲ್ಲಿ ಮಾರಾಟ ತೆರಿಗೆ ತಂದರು. ಮುಂಬಯಿಯಲ್ಲಿ 1949ರ ಕಾಯ್ದೆಯಡಿ ಕುಡಿಯಬೇಕೆಂದರೆ ಪರ್ಮಿಟ್ಟು ಬೇಕಾಯಿತು. ಚರಿತ್ರೆಯಲ್ಲಿ ಒಮ್ಮೆಯಾದರೂ ನೆಪ ಹುಡುಕುವ ಸರದಿ ಕುಡಿಯುವವನದಾಗಿ, ಆರೋಗ್ಯದ ಕಾರಣ ಹೇಳಿ ಕಾಗದ ಹಿಡಿದು ನಿಲ್ಲಬೇಕಾಯಿತು. 1956ರಲ್ಲಿ ರಾಜ್ಯ ಒಂದಾದಾಗ ಮದ್ರಾಸು, ಮುಂಬಯಿಗಳಿಂದ ಬಂದ ಜಿಲ್ಲೆಗಳ ಜೊತೆ ಪಾನನಿಷೇಧವೂ ಬಂತು. 1967ರಲ್ಲಿ ಅದು ಸಡಿಲಗೊಂಡಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಪಾನನಿಷೇಧಕ್ಕೆ ಯತ್ನಿಸಬೇಕೆನ್ನುವ ಸಂವಿಧಾನದ 47ನೆಯ ವಿಧಿ ಇದ್ದಲ್ಲೇ ಇದೆ. ರಾಜ್ಯದ ಅಬಕಾರಿ ಆದಾಯ ಈಗ ವರ್ಷಕ್ಕೆ 30,000 ಕೋಟಿ ರೂಪಾಯಿ ದಾಟಿದೆ.

ನನ್ನ ವಾದಕ್ಕೆ ನಿಜವಾಗಿ ಬಲವಾದ ಎದುರುವಾದ ಬರುವುದು ಹೆಂಗಸರಿಂದ. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ಅಂಗಡಿ ಮುಚ್ಚಿಸಲು ಎದ್ದಾಗ, 2019ರ ಜನವರಿಯಲ್ಲಿ ನಮ್ಮ ಹಳ್ಳಿಗಳ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದಾಗ, ಕುಲದ ಮಾತೂ ಇರಲಿಲ್ಲ, ಮಡಿಯ ಮಾತೂ ಇರಲಿಲ್ಲ. ಕೂಲಿ ಮನೆ ತಲುಪಲಿ, ಹೊಡೆತ ನಿಲ್ಲಲಿ ಎಂಬುದಷ್ಟೇ ಇತ್ತು. ಬಿಡುವುದನ್ನು ಏಣಿಯಿಂದ ಕೆಳಗಿಳಿಸಿ ಅಡುಗೆಮನೆಯ ಲೆಕ್ಕಕ್ಕೆ ತಂದವರು ಇವರು. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಸರ್ಕಾರ ಅದನ್ನು ಕೇಳಿಸಿಕೊಂಡದ್ದು ಹೇಗೆ? 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಹಲ್ಲಿನಲ್ಲಿ ಮೂಲೆ ಕಚ್ಚಿ ಹೀರುವ ಪ್ಯಾಕೆಟ್ಟು, ಕೆಲವು ಕಡೆ ಅದನ್ನೇ ಕೊಟ್ಟೆ ಎನ್ನುತ್ತಿದ್ದರು, ಹೋಯಿತು. ಅಗ್ಗದ ವಿಸ್ಕಿ, ರಮ್ಮುಗಳ ಬಾಟಲಿ ಉಳಿಯಿತು. ಬಡವನ ಪಾನೀಯ ಪಿಡುಗು, ಸೀಸೆಯಲ್ಲಿ ಬಂದದ್ದು ಉದ್ಯಮ. ಕುಡಿತವನ್ನು ಕುಡಿಯುವವನ ಅಂತಸ್ತಿನಿಂದ ಅಳೆಯುವ ಹಳೆಯ ಚಾಳಿ ಕಾಯ್ದೆಯೊಳಗೂ ಉಳಿಯಿತು. ಜಿ. ಪಿ. ರಾಜರತ್ನಂ ತಮ್ಮ ಹೆಂಡಗುಡುಕ ರತ್ನನಿಗೆ ಅಕ್ಷರ ಬಾರದವನ ಆಡುನುಡಿಯನ್ನೇ ಕೊಟ್ಟದ್ದರಲ್ಲಿ ಪ್ರೀತಿಯಿದೆ, ಜೊತೆಗೆ ಕುಡುಕನೆಂದರೆ ಇಂಥವನೇ ಎಂಬ ಕಾಲದ ಒಪ್ಪಂದವೂ ಇದೆ. ದೇವರು ಕೇಳಿದರೆ ಹೆಂಡ ಬಿಡುತ್ತೇನೆ, ಹೆಂಡತಿಯನ್ನೂ ಬಿಡುತ್ತೇನೆ, ಕನ್ನಡ ಪದ ಮಾತ್ರ ಬಿಡಲಾರೆ ಎನ್ನುವ ಆ ರತ್ನನೂ ಬಿಡಲು ಒಪ್ಪುವುದು ದೇವರ ನೆಪದಲ್ಲಿಯೇ.

ಈಗ ಏಣಿ ಮಗುಚಿದೆ. ಮೇಲಿನವರು ಕುಡಿಯತೊಡಗಿದ ಮೇಲೆ ಲೋಟ ಹಿಡಿಯುವುದು ನಾಗರಿಕತೆಯ ಗುರುತಾಗಿ, ಬೆಂಗಳೂರಿನ ಆಫೀಸ್ ಪಾರ್ಟಿಯಲ್ಲಿ ಮೂಸಂಬಿ ಜ್ಯೂಸ್ ಹಿಡಿದವನು ವಿವರಣೆ ಕೊಡಬೇಕಾಗಿದೆ. ‘ಮಾತ್ರೆ ತಗೋತಿದೀನಿ’ ಎಂದರೆ ಬಿಡುತ್ತಾರೆ. ‘ಇವತ್ತು ಶನಿವಾರ’ ಎಂದರೂ ನಡೆಯುತ್ತದೆ. ‘ಇಷ್ಟವಿಲ್ಲ’ ಎಂದರೆ ಮಾತ್ರ ‘ಒಂದು ಬಿಯರ್‌ಗೆ ಏನಾಗಲ್ಲ ಬಾ ಗುರು’ ಎಂದು ಹೆಗಲಿಗೆ ಕೈ ಬೀಳುತ್ತದೆ. ಹಳ್ಳಿಗಳು ಈ ವಿಷಯದಲ್ಲಿ ಹೆಚ್ಚು ಜಾಣ. ಶ್ರಾವಣ ಹಿಡಿದರೆ ಒಂದು ತಿಂಗಳು ಯಾರೂ ಒತ್ತಾಯ ಮಾಡುವುದಿಲ್ಲ. ಅಯ್ಯಪ್ಪನ ಮಾಲೆ ಹಾಕಿದರೆ 41 ದಿನ ಅವನು ಸ್ವಾಮಿ, ನಿನ್ನೆಯವರೆಗೆ ಜೊತೆಗೆ ಕುಡಿದವನೂ ಕಾಲು ಮುಟ್ಟುತ್ತಾನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ನೆರವಿನಲ್ಲಿ ಊರೂರಲ್ಲಿ ನಡೆಯುವ ಎಂಟು ದಿನದ ಮದ್ಯವರ್ಜನ ಶಿಬಿರಗಳು ಈ ಗುಟ್ಟನ್ನೇ ಹಿಡಿದಿವೆ. ಬಿಟ್ಟವನನ್ನು ಅವು ಒಂಟಿಯಾಗಿ ಮನೆಗೆ ಕಳಿಸುವುದಿಲ್ಲ. ನವಜೀವನ ಸಮಿತಿಯೆಂದು ಬಿಟ್ಟವರದೇ ಒಂದು ಗುಂಪು ಕಟ್ಟಿ, ಮಂಜುನಾಥನ ಹೆಸರಿನ ಸಂಕಲ್ಪ ಮಾಡಿಸುತ್ತವೆ. ಇದು ಭಯದಿಂದ ಬಿಡಿಸುವುದಲ್ಲವೇ, ಮನಸ್ಸಿನಿಂದ ಬಿಟ್ಟದ್ದಾದೀತೇ ಎಂದು ಓದಿದವರು ಮೂಗು ಮುರಿಯುವುದುಂಟು. ಮನಸ್ಸೊಂದೇ ಸಾಲುವ ಊರಿನಲ್ಲಿ ಆ ಪ್ರಶ್ನೆಗೆ ಬೆಲೆಯಿದೆ. ಬಸ್‌ಸ್ಟ್ಯಾಂಡಿನ ಬ್ರಾಂದಿ ಅಂಗಡಿಯ ಮುಂದೆ ಹಳೆಯ ಗೆಳೆಯ ಕೈ ಹಿಡಿದು ಎಳೆದಾಗ ‘ಆಣೆ ಮಾಡಿದೀನಿ ಮಾರಾಯಾ’ ಎಂದರೆ ಆ ಕೈ ಸಡಿಲವಾಗುತ್ತದೆ. ‘ನನಗೆ ಬೇಡ’ ಎಂದರೆ ಇನ್ನೂ ಬಿಗಿಯಾಗುತ್ತದೆ.